ಬೋನಸ್ ಇಲ್ಲದ ದಿವಾಳಿ

ನಮ್ಮ ಅಕ್ಕಲಕೋಟೆ ಕಡೆ ಬೋನಸ್ ಅಂದರೆ ಹಿರಿಯರಿಗೆ ಸೊಲ್ಲಾಪುರದ ಗಿರಣಿ ನೆನಪು. ನಾನು ಅದರ ದಾರಿ ಕಾದದ್ದು ಪುಣೆಯ ಆರ್ಕಿಟೆಕ್ಟರೊಬ್ಬರ ಕಚೇರಿಯಲ್ಲಿ, ನಕ್ಷೆ ತೆಗೆಯುವವನಾಗಿ.

2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಮುಳುಗಿತು. ನಮಗೇನು ಎಂದು ನಕ್ಕೆವು. ದೀಪಾವಳಿಯೊಳಗೆ ನಮ್ಮ ಬಿಲ್ಡರುಗಳು ಕೆಲಸ ನಿಲ್ಲಿಸಿದ್ದರು. ಆರ್ಕಿಟೆಕ್ಟರ ಫೀ ಬರುವುದು ಹಂತಹಂತವಾಗಿ. ಕಟ್ಟಡ ಏಳದಿದ್ದರೆ ಕಂತೂ ಇಲ್ಲ. ಕಬ್ಬು ಕಾರ್ಖಾನೆಗೆ ಹೋಗದ ಬಿಲ್ ಬರತದೇನ್ರಿ?

ಬೋನಸ್ ಕೇಳಿದೆ. ‘ಮುಂದಿನ ತಿಂಗಳ ಪಗಾರ ಸಿಕ್ಕರೆ ಅದೇ ಬೋನಸ್ ಅಂತ ತಿಳಿ’ ಎಂದು ಸಾಹೇಬರು ಮರಾಠಿಯಲ್ಲಿ ಅಂದರು.

1965ರ ಬೋನಸ್ ಕಾಯ್ದೆಯಲ್ಲಿ ಕನಿಷ್ಠ ಶೇ 8.33 ಇತ್ತು. ನನ್ನ ಪಗಾರ 8,000 ಇದ್ದರೂ ಆಗ ಲೆಕ್ಕ ಹಿಡಿಯುತ್ತಿದ್ದದ್ದು ತಿಂಗಳಿಗೆ 3,500ರ ಮೇಲೆ. ವರ್ಷಕ್ಕೆ ಸುಮಾರು 3,500 ರೂಪಾಯಿ. ಅದೂ ಸಾಮಾನ್ಯವಾಗಿ 20 ಮಂದಿ ದುಡಿಯುವ ಕಡೆ. ನಾವು ಏಳೇ ಜನ. ಕೊಟ್ಟರೆ ಅವರ ದೊಡ್ಡತನ, ಅಷ್ಟೇ.

ಊರಲ್ಲಿ ಅಪ್ಪ ನನ್ನ ಬೋನಸ್ ನಂಬಿ ಬೋರಿನ ಪಂಪಿಗೆ ಅಂಗಡಿಯಲ್ಲಿ ಉದ್ರಿ ಹೇಳಿಟ್ಟಿದ್ದರು. ಹಬ್ಬಕ್ಕೆ ಹೋಗಿ ಸುದ್ದಿ ಹೇಳಿದೆ. ತೊಗರಿ ಹೊಲದ ಕಡೆ ನೋಡುತ್ತ, ‘ಮಳಿ ಕೈ ಕೊಟ್ಟಾಗ ನಾನೂ ಆಳಿಗೆ ಹಿಂಗ ಹೇಳೀನಿ’ ಅಂದರು.

ಜನವರಿಯಲ್ಲಿ ಸಣ್ಣ ಹುಡುಗರಿಬ್ಬರನ್ನು ಬಿಡಿಸಿದರು. ನೇಮಕದ ಪತ್ರವೇ ಇಲ್ಲದವರು ಯಾವ ನೋಟೀಸು ಕೇಳಬೇಕು? ಬಿಡಿಸಿದ ದಿನ ಒಬ್ಬ ತನ್ನ ಸ್ಕೇಲು, ಪೆನ್ನು ನನ್ನ ಮೇಜಿನ ಮೇಲಿಟ್ಟು ಹೋದ. ನಾನು ಉಳಿದೆ, ಅರ್ಧ ಪಗಾರಕ್ಕೆ.

ಪಂಪು ಬಂದದ್ದು ತೊಗರಿ ರಾಶಿಯಾದ ಮೇಲೆ, ಅಪ್ಪನ ರೊಕ್ಕದಲ್ಲೇ.