ಹೊಗೆ ಕಾಣದ ಕೆಂಡವೂ ಕೊಲ್ಲುತ್ತದೆ

ಡಿಸೆಂಬರ್ ಬಂತೆಂದರೆ ನಮ್ಮ ಗೆಳೆಯರ ಬಳಗದಲ್ಲಿ ಮನಾಲಿಯ ಮಾತು ಶುರುವಾಗುತ್ತದೆ. ಬೆಂಗಳೂರಿನಿಂದ ಚಂಡೀಗಢಕ್ಕೆ ವಿಮಾನ, ಅಲ್ಲಿಂದ ರಾತ್ರಿ ಬಸ್ಸು, ಹಳೆ ಮನಾಲಿಯಲ್ಲೊಂದು ಮರದ ಮನೆ. ಹೊರಗೆ ಹಿಮ ಸುರಿಯಬೇಕು, ಒಳಗೆ ಐದಾರು ಜನ ಒಂದೇ ರಜಾಯಿಯೊಳಗೆ ಕಾಲು ತೂರಿಸಿಕೊಂಡು ಕಾಲೇಜಿನ ಕಥೆ ಹೇಳಬೇಕು. ಈ ಆಸೆ ನನಗೂ ಇದೆ. ಹೋಗಿ ಬಂದಿದ್ದೇನೆ, ಮತ್ತೆ ಹೋಗುತ್ತೇನೆ. ಆದರೆ ಮಡಿಕೇರಿ, ಚಿಕ್ಕಮಗಳೂರಿನ ಚಳಿಯಲ್ಲಿ ಕಲಿತದ್ದನ್ನೇ ನೆಚ್ಚಿಕೊಂಡು ಹಿಮಪಾತದ ಊರಿಗೆ ಹೊರಡುವವರನ್ನು ಕಂಡರೆ ಹೆದರಿಕೆಯಾಗುತ್ತದೆ.

ನಾವು ಉಳಿದಿದ್ದ ಮನೆಯ ಒಡತಿ ಸಂಜೆ ಸಿಡ್ಡು ಎಂಬ ಹಬೆಯಲ್ಲಿ ಬೇಯಿಸಿದ ಬಿಸಿ ರೊಟ್ಟಿ ಮಾಡಿ, ಮೇಲೆ ತುಪ್ಪ ಸುರಿದು ಕೊಟ್ಟರು. ಕಬ್ಬಿಣದ ಅಂಗೀಠಿಯಲ್ಲಿ ಕೆಂಡ ತುಂಬಿ ಕೋಣೆಯ ನಡುವೆ ಇಟ್ಟರು. ಕಿಟಕಿ ಪೂರ್ತಿ ಮುಚ್ಚದಂತೆ ಸಂದಿಗೊಂದು ಮರದ ಚಕ್ಕೆ ಸಿಕ್ಕಿಸಿತ್ತು. ಗಾಳಿ ಕೊರೆಯುತ್ತದೆಂದು ನಮ್ಮಲ್ಲೊಬ್ಬ ಅದನ್ನು ಕಿತ್ತುಹಾಕಿದ. ರಾತ್ರಿ ಹತ್ತಕ್ಕೆ ಬಂದ ಆಕೆ ಮೊದಲು ನೋಡಿದ್ದೇ ಕಿಟಕಿಯನ್ನು. ಚಕ್ಕೆ ಹುಡುಕಿ ಮತ್ತೆ ಸಿಕ್ಕಿಸಿದರು. ಬೂದಿ ಮುಚ್ಚಿದ್ದ ಅಂಗೀಠಿಯನ್ನು ಬಟ್ಟೆ ಹಿಡಿದು ಎತ್ತಿ, ಹೊರಗೆ ಹಿಮದ ಮೇಲೆ ಇಟ್ಟರು. ಚುಂಯ್ ಎಂದಿತು. "ಹೊಗೆಯೇ ಇಲ್ಲವಲ್ಲ, ಇರಲಿ ಬಿಡಿ" ಎಂದು ನಾವು ಗೋಗರೆದರೂ ಕೇಳಲಿಲ್ಲ.

ಹೊಗೆ ಇಲ್ಲದಿದ್ದರೆ ಅಪಾಯವೂ ಇಲ್ಲ ಎನ್ನುವುದು ಚಳಿಗಾಲದ ಪ್ರವಾಸದಲ್ಲಿ ಅತ್ಯಂತ ದುಬಾರಿಯಾದ ತಪ್ಪು ಕಲ್ಪನೆ. ಹೊಗೆಯಾದರೆ ಕಣ್ಣು ಉರಿಸುತ್ತದೆ, ಕೆಮ್ಮು ಬರಿಸುತ್ತದೆ, ನಾವೇ ಎದ್ದು ಬಾಗಿಲು ತೆಗೆಯುತ್ತೇವೆ. ಕೆಂಪಗೆ ಹೊಳೆಯುವ ಇದ್ದಿಲು ಬಿಡುವುದು ಇಂಗಾಲದ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಉಸಿರಾಟ ನಡೆಯುತ್ತಲೇ ಇರುತ್ತದೆ, ಮಿದುಳಿಗೆ ಮಾತ್ರ ಆಮ್ಲಜನಕ ಸಿಗುವುದಿಲ್ಲ. ಬೂದಿ ಮುಚ್ಚಿ ಆರಿದಂತೆ ಕಾಣುವ ಕೆಂಡವೂ ಗಂಟೆಗಟ್ಟಲೆ ಇದನ್ನು ಬಿಡುತ್ತಿರುತ್ತದೆ. ಉತ್ತರ ಭಾರತದಲ್ಲಿ ಪ್ರತಿ ಚಳಿಗಾಲವೂ ಅಂಗೀಠಿ ಇಟ್ಟು ಮಲಗಿದವರು ಬೆಳಿಗ್ಗೆ ಏಳದ ಸುದ್ದಿ ಬರುತ್ತದೆ. ಗಾಳಿಯಾಡದ ಬಚ್ಚಲಮನೆಯ ಗ್ಯಾಸ್ ಗೀಸರ್‌ನಿಂದ ಹೊರಬಂದು ಕೊಲ್ಲುವುದೂ ಇದೇ ಅನಿಲ.

ಇದಕ್ಕೆ ಹೆಣೆದುಕೊಂಡಿರುವ ಇನ್ನೊಂದು ನಂಬಿಕೆ, ಬೆಟ್ಟದ ಮೇಲೆ ತಲೆನೋವು ಬಂದರೆ ಅದು ಎತ್ತರದ ಪ್ರಭಾವ ಎನ್ನುವುದು. ಮನಾಲಿ ಇರುವುದು ಸುಮಾರು 2,050 ಮೀಟರ್ ಎತ್ತರದಲ್ಲಿ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಡುವುದು 2,500 ಮೀಟರ್ ದಾಟಿದ ಮೇಲೆ. ಹಾಗಾಗಿ ಮನಾಲಿಯ ಮುಚ್ಚಿದ ಕೋಣೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ತಲೆ ಸಿಡಿಯತೊಡಗಿದರೆ, ವಾಕರಿಕೆ, ಮಂಪರು ಬಂದರೆ, ಮೊದಲು ಅನುಮಾನಿಸಬೇಕಾದದ್ದು ಕೋಣೆಯ ಗಾಳಿಯನ್ನು. ಪ್ರಯಾಣದ ಆಯಾಸ, ನಿನ್ನೆಯ ಪಾರ್ಟಿ ಎಂದುಕೊಂಡು ಮಾತ್ರೆ ನುಂಗಿ ಮಲಗಬಾರದು. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಇದೆಯಲ್ಲ ಎಂದು ಧೈರ್ಯ ತಂದುಕೊಳ್ಳುವಂತೆಯೂ ಇಲ್ಲ. ಮೊನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ನನ್ನು ಆ ಸಾಧನ ಆಮ್ಲಜನಕ ಹಿಡಿದದ್ದೆಂದೇ ಓದುತ್ತದೆ. ಮನುಷ್ಯ ಕುಸಿಯುತ್ತಿದ್ದರೂ ಅದು 98 ತೋರಿಸಬಹುದು. ಎಲ್ಲರನ್ನೂ ಎಬ್ಬಿಸಿ ಹೊರಗೆ ಕರೆತಂದು 112ಕ್ಕೆ ಕರೆ ಮಾಡಿ. ಹೊರಗೆ ಬಂದು ಸುಧಾರಿಸಿಕೊಂಡರೂ ಆಸ್ಪತ್ರೆಗೆ ಹೋಗಲೇಬೇಕು.

ಕಾರಿನೊಳಗಿದ್ದರೆ ಕ್ಷೇಮ, ಎಂಜಿನ್ ಓಡಿಸಿ ಹೀಟರ್ ಹಾಕಿಕೊಂಡರಾಯಿತು ಎನ್ನುವವರೂ ಇದ್ದಾರೆ. 2022ರ ಜನವರಿ 7ರ ರಾತ್ರಿ ಪಾಕಿಸ್ತಾನದ ಮರ್ರೀ ಗಿರಿಧಾಮದಲ್ಲಿ ಹಿಮಪಾತಕ್ಕೆ ಸಿಕ್ಕಿಕೊಂಡ ಪ್ರವಾಸಿಗರಲ್ಲಿ 20ಕ್ಕೂ ಹೆಚ್ಚು ಜನ ತಮ್ಮ ವಾಹನಗಳೊಳಗೇ ಸತ್ತರು, ಮಕ್ಕಳೂ ಸೇರಿ. ಅವರೂ ನಮ್ಮಂತೆ ಹಿಮ ನೋಡಲೆಂದು ಹೋದವರು. ಸುರಿದ ಹಿಮ ಸೈಲೆನ್ಸರ್ ಕೊಳವೆಯನ್ನು ಮುಚ್ಚಿದರೆ ವಿಷಾನಿಲ ಹೊರಹೋಗದೆ ಕಾರಿನೊಳಕ್ಕೆ ನುಗ್ಗುತ್ತದೆ. ಅಲ್ಲಿ ಅನೇಕರ ಪ್ರಾಣ ಹೋದದ್ದು ಹೀಗೆ. 2024ರ ಡಿಸೆಂಬರ್‌ನಲ್ಲಿ ಮನಾಲಿ ಬಳಿಯ ಸೋಲಂಗ್ ಮತ್ತು ಅಟಲ್ ಸುರಂಗದ ನಡುವೆ ಸುಮಾರು ಸಾವಿರ ವಾಹನಗಳು ಹಿಮದಲ್ಲಿ ನಿಂತುಬಿಟ್ಟಾಗ ನನಗೆ ಮರ್ರೀಯೇ ನೆನಪಾಗಿತ್ತು. ಪೊಲೀಸರು ರಾತ್ರಿಯೆಲ್ಲ ದುಡಿದು ಜನರನ್ನು ಇಳಿಸಿದರು. ಹಾಗೆ ಸಿಕ್ಕಿಕೊಂಡರೆ ಮೊದಲು ಇಳಿದು ಸೈಲೆನ್ಸರ್ ಸುತ್ತಲಿನ ಹಿಮ ತೆಗೆಯಿರಿ, ಎಂಜಿನ್ ಗಂಟೆಗೆ ಹತ್ತು ನಿಮಿಷವಷ್ಟೇ ಓಡಿಸಿ, ಗಾಳಿ ಬೀಸದ ಕಡೆಯ ಗಾಜನ್ನು ಸ್ವಲ್ಪ ಇಳಿಸಿಡಿ.

ಇನ್ನು ರಮ್ಮು. ಒಂದು ಗುಟುಕು ಹಾಕಿದರೆ ಮೈ ಬಿಸಿಯಾಗುತ್ತದೆ ಎನ್ನುವುದು ಸುಳ್ಳಲ್ಲ, ಆದರೆ ಬಿಸಿಯಾಗುವುದು ಚರ್ಮ ಮಾತ್ರ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಒಡಲೊಳಗಿನ ಕಾವು ಹೊರಗೆ ಹರಿದುಹೋಗುತ್ತದೆ. ಮೈ ಕಾಯಲೆಂದೇ ಇರುವ ನಡುಕವನ್ನೂ ಅದು ತಗ್ಗಿಸುತ್ತದೆ. ಕೊರಳಿಗೆ ಬ್ರಾಂದಿ ಪೀಪಾಯಿ ಕಟ್ಟಿಕೊಂಡು ಹಿಮದಲ್ಲಿ ಸಿಕ್ಕವರನ್ನು ಬದುಕಿಸುವ ಸೇಂಟ್ ಬರ್ನಾರ್ಡ್ ನಾಯಿಯ ಚಿತ್ರ ಎಲ್ಲರಿಗೂ ಗೊತ್ತು. ಅದು ಜನಪ್ರಿಯವಾದದ್ದು 1820ರಲ್ಲಿ ಎಡ್ವಿನ್ ಲ್ಯಾಂಡ್‌ಸಿಯರ್ ಎಂಬ ಹದಿಹರೆಯದ ಇಂಗ್ಲಿಷ್ ಕಲಾವಿದ ಬರೆದ ಚಿತ್ರದಿಂದ. ನಾಯಿಗಳು ಜನರನ್ನು ಹುಡುಕಿದ್ದು ನಿಜ, ಪೀಪಾಯಿ ಕಲ್ಪನೆ. ಕುಡಿದು ಹೊರಗೆ ಹಿಮದಾಟಕ್ಕೆ ಹೋಗುವುದಂತೂ ಬೇಡವೇ ಬೇಡ.

ಚಳಿಗೆ ಮರಗಟ್ಟಿದ ಬೆರಳನ್ನೂ ಉಜ್ಜಬಾರದು, ಹಿಮದಿಂದಂತೂ ಉಜ್ಜಲೇಬಾರದು. ಒಳಗೆ ಗಾಯವಾಗುತ್ತದೆ. ಮನೆಯೊಳಗೆ ಬಂದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ. ಮೂರು ಜೊತೆ ಕಾಲುಚೀಲ ತುರುಕಿದರೆ ರಕ್ತ ಓಡಾಡದೆ ಪಾದ ಇನ್ನಷ್ಟು ತಣ್ಣಗಾಗುತ್ತದೆ. ಉಣ್ಣೆಯದ್ದು ಒಂದೇ ಸಾಕು. ಹತ್ತಿ ಒದ್ದೆಯಾದರೆ ಪ್ರಯೋಜನವಿಲ್ಲ.

ಹಿಮ ನಿಂತು ಬಿಸಿಲು ಬಂತು, ಇನ್ನು ಹೊರಡಬಹುದು ಎನ್ನುವ ಮಾತನ್ನು ಮಾತ್ರ ನಿಧಾನಿಸಿ ನೋಡಬೇಕು. ಹಗಲು ಕರಗಿದ ನೀರು ರಾತ್ರಿ ಡಾಂಬರಿನ ಮೇಲೆ ಗಾಜಿನಂತೆ ಹೆಪ್ಪುಗಟ್ಟುತ್ತದೆ. ಬೆಳಿಗ್ಗೆ ಅದು ಬರೀ ಒದ್ದೆ ರಸ್ತೆಯಂತೆ ಕಾಣುತ್ತದೆ. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲವಿರುವ ಗಾಡಿ ಹಿಮದಲ್ಲಿ ಹೊರಡಲು ನೆರವಾಗುತ್ತದೆ, ನಿಲ್ಲಲು ಅಲ್ಲ. ಬ್ರೇಕ್ ಹಾಕಿದಾಗ ಅದೂ ಉಳಿದ ಕಾರುಗಳಂತೆಯೇ ಜಾರುತ್ತದೆ. ಹಿಮಪಾತ ಹೇಳದೆ ಕೇಳದೆ ಬರುವುದೂ ಅಪರೂಪ. ಮೆಡಿಟರೇನಿಯನ್ ಕಡೆಯಿಂದ ಸಾಗಿಬರುವ ಪಶ್ಚಿಮದ ಕ್ಷೋಭೆಗಳನ್ನು ಹವಾಮಾನ ಇಲಾಖೆ ಕೆಲವು ದಿನ ಮುಂಚೆಯೇ ಗುರುತಿಸುತ್ತದೆ. ಶಿಮ್ಲಾ ಕೇಂದ್ರ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಕೊಡುತ್ತದೆ. ಕಿತ್ತಳೆ ಇದ್ದ ದಿನ ಮನೆಯಲ್ಲೇ ಇದ್ದು ಇನ್ನೊಂದು ಸುತ್ತು ಚಹಾ ಕುಡಿಯಿರಿ. ಗೆಳೆಯರು ಜೊತೆಗಿರುವಾಗ ಅದೇನೂ ನಷ್ಟವಲ್ಲ.

ಈ ಚಳಿಗಾಲ ಹೋಂಸ್ಟೇ ಕಾಯ್ದಿರಿಸುವ ಮುನ್ನ ಫೋನಿನಲ್ಲಿ ಇಷ್ಟು ಕೇಳಿ: ಕೋಣೆ ಬೆಚ್ಚಗಾಗುವುದು ಯಾವುದರಿಂದ? ಒಲೆಯಿದ್ದರೆ ಹೊಗೆಕೊಳವೆ ಇದೆಯೇ? ಕಿಟಕಿ ತೆರೆಯುತ್ತದೆಯೇ? ಬ್ಯಾಟರಿಯ ಮೊನಾಕ್ಸೈಡ್ ಸೂಚಕವೊಂದನ್ನು ಬ್ಯಾಗಿನಲ್ಲಿ ಹಾಕಿಕೊಳ್ಳಿ, ಅಂಗೈಯಗಲವೂ ಇರುವುದಿಲ್ಲ. ರಾತ್ರಿ ಮನೆಯವರು ಕೆಂಡ ಹೊರಗೊಯ್ಯಲು ಬಂದರೆ ದಯವಿಟ್ಟು ತಡೆಯಬೇಡಿ.