ಹೊಳಿ ಬಂದ್ರೆ ತಪ್ಪು ಯಾರದು? ಡ್ಯಾಮಿನದಾ, ಹವಾಮಾನ ಬದಲಾವಣೆಯದಾ?



ಜುಲೈ ಕೊನೆ ಬಂತಂದ್ರೆ ಮುದ್ದೇಬಿಹಾಳ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಪ್ರಶ್ನೆ: "ಆಲಮಟ್ಟಿಯಿಂದ ಎಷ್ಟು ಬಿಟ್ಟಾರ?" ನಾವು ಕೊಯ್ನಾ ಡ್ಯಾಮಿಗೆ ಬೈತೀವಿ, ಸಾಂಗ್ಲಿ ಕಡೆಯವರು ಆಲಮಟ್ಟಿಗೆ ಬೈತಾರೆ. ಈಚೆಗೆ ಇನ್ನೊಂದು ಉತ್ತರ ಬಂದಿದೆ, "ಎಲ್ಲಾ ಹವಾಮಾನ ಬದಲಾವಣೆ ರೀ, ನಮ್ಮ ಕೈಯಾಗ ಏನೈತಿ?" ಈ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ಖರೆನೂ ಅಲ್ಲ. ಎಲ್ಲಿಯವರೆಗೆ ಖರೆ ಅಂತ ಗೊತ್ತಾದರೆ, ಮುಂದಿನ ಮಳೆಗಾಲಕ್ಕೆ ಹೊಲದಲ್ಲಿ ಏನು ಮಾಡಬೇಕು ಅನ್ನೋದೂ ಗೊತ್ತಾಗ್ತದೆ.

ನಮ್ಮಲ್ಲಿ ಬರೋದು ಎರಡು ಥರದ ಪ್ರವಾಹ

ಮೊದಲನೆಯದು ಘಟ್ಟದ ನೀರು. 2019ರ ಆಗಸ್ಟ್ ನೆನಪು ಮಾಡಿಕೊಳ್ಳಿ. ಪಶ್ಚಿಮ ಘಟ್ಟದಲ್ಲಿ ದಿನಗಟ್ಟಲೆ ಮಳೆ ಸುರಿದು ಕೊಯ್ನಾ ತುಂಬಿತು, ಸಾಂಗ್ಲಿ, ಕೊಲ್ಹಾಪುರ ಮುಳುಗಿದವು, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳು ನೀರಲ್ಲಿ ನಿಂತವು. ಆಲಮಟ್ಟಿಯ ಹೊರಹರಿವು 5 ಲಕ್ಷ ಕ್ಯೂಸೆಕ್ ದಾಟಿತ್ತು. ನಮ್ಮ ಹೊಲದ ಮೇಲೆ ಹನಿ ಮಳೆ ಬೀಳದೇ ಇದ್ದರೂ ಈ ಪ್ರವಾಹ ಬರ್ತದೆ.

ಇಲ್ಲೊಂದು ಲೆಕ್ಕ ಎಲ್ಲರೂ ಕಲಿತುಕೊಳ್ಳಬೇಕು. 1 ಲಕ್ಷ ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ 8.64 ಟಿಎಂಸಿ. 5 ಲಕ್ಷ ಅಂದ್ರೆ ದಿನಕ್ಕೆ 43 ಟಿಎಂಸಿ. ನಾರಾಯಣಪುರದ ಬಸವ ಸಾಗರದ ಒಟ್ಟು ಸಾಮರ್ಥ್ಯವೇ 33 ಟಿಎಂಸಿ ಆಸುಪಾಸು. ಖಾಲಿ ಇದ್ದರೂ ಒಂದು ದಿನ ತಡೆಯಲಿಕ್ಕೆ ಆಗೋದಿಲ್ಲ. ಆಲಮಟ್ಟಿ 123 ಟಿಎಂಸಿಯದು, ಬುಡದಿಂದ ಖಾಲಿ ಇದ್ದರೂ ಮೂರು ದಿನದೊಳಗೆ ತುಂಬ್ತದೆ. ಗೇಟು ತೆಗೆದ ಸಮಯ ಸರಿ ಇತ್ತೋ ಇಲ್ಲವೋ ಅಂತ ಚರ್ಚೆ ಮಾಡಬಹುದು, ಮಾಡಲೇಬೇಕು. ಮೊದಲೇ ಸ್ವಲ್ಪ ಸ್ವಲ್ಪ ಬಿಟ್ಟಿದ್ದರೆ ಏರಿಕೆ ಒಮ್ಮೆಲೇ ಆಗ್ತಿರಲಿಲ್ಲ ಅನ್ನೋದೂ ನ್ಯಾಯದ ಮಾತೇ. ಆದರೆ ಅಷ್ಟು ನೀರನ್ನು ಹಿಡಿದು ಇಡುವ ಡ್ಯಾಮು ಈ ಹೊಳಿ ಮೇಲೆ ಇಲ್ಲ. ಕೂಡಲಸಂಗಮದಲ್ಲಿ ಮಲಪ್ರಭೆ ಬೇರೆ ಬಂದು ಸೇರ್ತದೆ. ಹಾಗಾಗಿ ತಂಗಡಗಿ ಕಡೆಯವರು ಆಲಮಟ್ಟಿ ಆಕಡೆ ಇರಲಿ, ನವಿಲುತೀರ್ಥದ ಅಂಕಿಯನ್ನೂ ನೋಡಬೇಕು. ಬಹಳ ಮಂದಿ ಇದನ್ನು ಮರೀತಾರೆ.

ಎರಡನೆಯದು ಬಯಲು ಮಳೆಯ ಪ್ರವಾಹ. ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ಅಪಾಯದ್ದು, ಯಾಕಂದ್ರೆ ಯಾವ ಡ್ಯಾಮಿನ ಅಂಕಿಯೂ ಮುಂಚೆ ಹೇಳೋದಿಲ್ಲ. 2009ನ್ನೇ ತೊಗೊಳ್ಳಿ. ಆ ವರ್ಷ ದೇಶಕ್ಕೇ ಬರ, ಮುಂಗಾರು ಮಳೆ 22 ಪ್ರತಿಶತ ಕಡಿಮೆ. ಅಂಥ ವರ್ಷದಲ್ಲೇ ಸೆಪ್ಟೆಂಬರ್ ಕೊನೆಗೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಬಂದು ನಾಲ್ಕೈದು ದಿನದಲ್ಲಿ ವಿಜಾಪುರ, ಬಾಗಲಕೋಟೆ, ರಾಯಚೂರು ಜಿಲ್ಲೆಗಳನ್ನು ತೊಳೆದು ಹಾಕಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ತೀರಿಹೋದರು. ಕೆಳಗೆ ಮಂತ್ರಾಲಯ, ಕರ್ನೂಲು ಮುಳುಗಿದವು. ಮಣ್ಣಿನ ಮಾಳಿಗೆ ಮನೆಗಳು ನೆನೆದು ಕುಸಿದವು, ಆಮೇಲೆ ಊರೂರಿಗೆ 'ಆಸರೆ' ಮನೆ ಬಂದದ್ದು ಅದೇ ಕಾರಣಕ್ಕೆ. 2020ರ ಅಕ್ಟೋಬರಿನಲ್ಲಿ ಇಂಡಿ, ಸಿಂದಗಿ ಭಾಗದ ಭೀಮಾ ದಂಡೆಗೆ ಆದದ್ದೂ ಇದೇ ಜಾತಿಯದು: ಕೊಲ್ಲಿಯಿಂದ ಎದ್ದ ವಾಯುಭಾರ ಕುಸಿತ ತೆಲಂಗಾಣ ದಾಟಿ ನಮ್ಮ ಮೇಲಿಂದ ಮಹಾರಾಷ್ಟ್ರಕ್ಕೆ ಹೋಯಿತು. 2025ರ ಸೆಪ್ಟೆಂಬರಿನಲ್ಲಿ ಉಜನಿ ನೀರಿನ ಜೊತೆ ಸೀನಾ ನದಿಯೂ ಸೇರಿ ಭೀಮಾ ಮತ್ತೆ ಹೊಲಕ್ಕೆ ನುಗ್ಗಿತು.

ಡೋಣಿಯಂತೂ ಪೂರ್ತಿ ಬಯಲಿನ ನದಿ. ಜತ್ತ ಕಡೆ ಹುಟ್ಟಿ, ನಮ್ಮ ಜಿಲ್ಲೆಯಲ್ಲಿ ಹಾಯ್ದು, ತಾಳಿಕೋಟೆ ಮುಂದೆ ಹೋಗಿ ಕೃಷ್ಣೆಗೆ ಸೇರ್ತದೆ. "ಡೋಣಿ ಬೆಳೆದರೆ ಓಣೆಲ್ಲ ಜೋಳ" ಅನ್ನುವ ಮಾತು ಹುಟ್ಟಿದ್ದೇ ಆ ಎರೆ ಭೂಮಿಯಿಂದ. ಅದಕ್ಕೆ ದೊಡ್ಡ ಡ್ಯಾಮಿಲ್ಲ, ಗೇಟಿಲ್ಲ, ಬೈಯಲಿಕ್ಕೆ ಯಾವ ಎಂಜಿನಿಯರೂ ಇಲ್ಲ. ಮಳೆ ಬಿದ್ದರೆ ಹಡಗಿನಾಳದ ಹಳೆ ಸೇತುವೆ ಮೇಲೆ ನೀರು.

ಹವಾಮಾನ ಬದಲಾವಣೆ ಎಲ್ಲಿ ಬರ್ತದೆ?

ಗಾಳಿಯನ್ನು ಒಂದು ಕೊಡ ಅಂತ ತಿಳ್ಕೊಳ್ಳಿ. ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 7 ಪ್ರತಿಶತ ಹೆಚ್ಚು ನೀರಾವಿ ಹಿಡಿದುಕೊಳ್ತದೆ. ಕೊಡ ದೊಡ್ಡದಾದರೆ ಎರಡು ಪರಿಣಾಮ. ತುಂಬಲಿಕ್ಕೆ ಹೆಚ್ಚು ಹೊತ್ತು ಬೇಕು, ಅಂದ್ರೆ ಮಳೆ ನಡುವಿನ ಅಂತರ ಉದ್ದ ಆಗಬಹುದು, ಅಷ್ಟರಲ್ಲಿ ಬಿಸಿಲು ಮಣ್ಣಿನ ಹಸಿಯನ್ನೂ ಹೀರ್ತದೆ. ತುಂಬಿದ ಮೇಲೆ ಸುರಿದರೆ ಮೊದಲಿಗಿಂತ ಹೆಚ್ಚು ಸುರೀತದೆ. ಒಂದೇ ವರ್ಷದಲ್ಲಿ ಬರ ಮತ್ತು ನೆರೆ ಎರಡೂ ಯಾಕೆ ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಕೊಟ್ಟ ವರದಿ ಪ್ರಕಾರ 1901ರಿಂದ 2018ರೊಳಗೆ ಭಾರತದ ಸರಾಸರಿ ತಾಪಮಾನ ಸುಮಾರು 0.7 ಡಿಗ್ರಿ ಏರಿದೆ. 1951ರಿಂದ 2015ರೊಳಗೆ ಮುಂಗಾರಿನ ಒಟ್ಟು ಮಳೆ ಸುಮಾರು 6 ಪ್ರತಿಶತ ಇಳಿದಿದೆ, ಅದರಲ್ಲೂ ಗಂಗಾ ಬಯಲು ಮತ್ತು ಪಶ್ಚಿಮ ಘಟ್ಟದಲ್ಲಿ. ಆದರೆ ಮಧ್ಯ ಭಾರತದಲ್ಲಿ ಒಂದೇ ದಿನ 150 ಮಿ.ಮೀ. ಮೀರುವ ಮಳೆಗಳು ಹೆಚ್ಚುಕಡಿಮೆ 75 ಪ್ರತಿಶತ ಏರಿವೆ. ಒಟ್ಟು ಮಳೆ ಕಡಿಮೆ, ಒಮ್ಮೆಲೇ ಬೀಳೋದು ಹೆಚ್ಚು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಅವರ ಸಂಗಡಿಗರು 2017ರಲ್ಲಿ ಇಂಥದ್ದೇ ಲೆಕ್ಕ ತೋರಿಸಿದರು: ವಿಶಾಲ ಪ್ರದೇಶಕ್ಕೆ ಹಬ್ಬುವ ಅತಿ ಮಳೆಗಳು ಮಧ್ಯ ಭಾರತದಲ್ಲಿ 1950ರಿಂದ ಮೂರು ಪಟ್ಟು ಹೆಚ್ಚಿವೆ. ಅರಬ್ಬಿ ಸಮುದ್ರ ಬಿಸಿಯಾಗಿ ಅಲ್ಲಿಂದ ಬರುವ ತೇವ ಏರುಪೇರಾಗೋದು ಅದಕ್ಕೆ ಮುಖ್ಯ ಕಾರಣ ಅಂತ ಅವರ ವಾದ.

ಹಾಗಂತ ಒಂದು ಮಳೆಯನ್ನು ತೋರಿಸಿ "ಇದು ಹವಾಮಾನ ಬದಲಾವಣೆಯದೇ" ಅಂತ ಹೇಳಲಿಕ್ಕೆ ಬರೋದಿಲ್ಲ. ಹೇಳಬಹುದಾದದ್ದು ಸಾಧ್ಯತೆ ಎಷ್ಟು ಹೆಚ್ಚಾಯಿತು ಅನ್ನೋದು ಮಾತ್ರ. ಇದರ ವಿಧಾನ ಚೆನ್ನಾಗಿ ಬೆಳೆದದ್ದು ಬ್ರಿಟನ್ನಿನಲ್ಲಿ. 2000ನೇ ಇಸವಿಯ ಶರತ್ಕಾಲ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1766ರಿಂದ ದಾಖಲಾದ ಎಲ್ಲ ಶರತ್ಕಾಲಗಳಿಗಿಂತ ಹೆಚ್ಚು ಮಳೆಯದು, ಸುಮಾರು 10,000 ಮನೆ, ಅಂಗಡಿಗಳಿಗೆ ನೀರು ನುಗ್ಗಿತು. ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಎರಡು ಜಗತ್ತು ಮಾಡಿದರು. ಒಂದು ಈಗಿನಂತೆ ಬಿಸಿಯಾದದ್ದು, ಇನ್ನೊಂದು ಕಾರ್ಖಾನೆ ಹೊಗೆ ಇಲ್ಲದ್ದು. ಸಾವಿರಾರು ಸಲ ಅದೇ ಶರತ್ಕಾಲವನ್ನು ಓಡಿಸಿದರು. ಇದಕ್ಕೆ ಸಾಮಾನ್ಯ ಜನ ತಮ್ಮ ಮನೆ ಕಂಪ್ಯೂಟರುಗಳನ್ನು ಬಿಟ್ಟುಕೊಟ್ಟಿದ್ದರು, ನನಗೆ ಬಹಳ ಹಿಡಿಸಿದ ವಿಷಯ ಇದು. 2011ರಲ್ಲಿ ಬಂದ ಫಲಿತಾಂಶ: ಹತ್ತರಲ್ಲಿ ಒಂಬತ್ತು ಲೆಕ್ಕಗಳಲ್ಲಿ ಪ್ರವಾಹದ ಸಾಧ್ಯತೆ 20 ಪ್ರತಿಶತಕ್ಕಿಂತ ಹೆಚ್ಚು ಏರಿತ್ತು, ಮೂರರಲ್ಲಿ ಎರಡರಲ್ಲಿ 90 ಪ್ರತಿಶತಕ್ಕಿಂತ ಹೆಚ್ಚು. ಅಲ್ಲೇ 2015ರ ಡಿಸೆಂಬರಿನಲ್ಲಿ ಹಾನಿಸ್ಟರ್ ಎಂಬ ಗುಡ್ಡದ ದಾರಿಯಲ್ಲಿ 24 ತಾಸಿಗೆ 341.4 ಮಿ.ಮೀ. ಬಿತ್ತು. ನಮ್ಮ ಜಿಲ್ಲೆಗೆ ವರ್ಷಕ್ಕೆ ಬೀಳೋದರ ಅರ್ಧಕ್ಕೂ ಹೆಚ್ಚು, ಒಂದೇ ದಿನ.

ಹವಾಮಾನದ ಲೆಕ್ಕಕ್ಕೆ ಹಾಕಬಾರದ್ದು

ಡೋಣಿ ಪಾತ್ರದಲ್ಲಿ ತುಂಬಿದ ಹೂಳು, ಅದರ ಮೇಲೆ ಬೆಳೆದ ಬಳ್ಳಾರಿ ಜಾಲಿ, ಇವಕ್ಕೂ ಬಿಸಿ ಗಾಳಿಗೂ ಸಂಬಂಧ ಇಲ್ಲ. ಹಳ್ಳ ಒತ್ತಿ ಎರಡು ಸಾಲು ಹೆಚ್ಚು ಬಿತ್ತಿದವರು ನಾವೇ. ಹೊಲದ ದಾರಿಗೆ ಮಣ್ಣು ಹಾಕಿ ಎತ್ತರಿಸಿ, ಕೆಳಗೆ ಪೈಪು ಇಡದೇ ಬಿಟ್ಟು, ಮೇಲಿನವನ ಹೊಲವನ್ನು ಕೆರೆ ಮಾಡಿದ ಉದಾಹರಣೆ ಪ್ರತಿ ಊರಲ್ಲೂ ಸಿಗ್ತದೆ. ಇದರ ಬಗ್ಗೆ ಮಾತಾಡಿದರೆ ಜಗಳ ಆಗ್ತದೆ, ಅದಕ್ಕೇ ಎಲ್ಲರಿಗೂ ಕೊಯ್ನಾ ಬಗ್ಗೆ ಮಾತಾಡೋದು ಸುಲಭ.

ನಮ್ಮ ಎರೆ ಮಣ್ಣೂ ನೆನಪಿರಲಿ. ಒಣಗಿದಾಗ ಬಿರುಕಿನಲ್ಲಿ ನೀರು ಗಟಗಟ ಇಳೀತದೆ. ಒಮ್ಮೆ ನೆನೆದು ಬಿರುಕು ಮುಚ್ಚಿದ ಮೇಲೆ ಇಳಿಯುವ ವೇಗ ಬಹಳ ಕಡಿಮೆ. ಒಂದು ಎಕರೆ ಮೇಲೆ 100 ಮಿ.ಮೀ. ಮಳೆ ಅಂದ್ರೆ 4 ಲಕ್ಷ ಲೀಟರ್, 5,000 ಲೀಟರಿನ ಟ್ಯಾಂಕರ್ 80 ಆಗ್ತವೆ. ಆ 80 ಟ್ಯಾಂಕರ್ ಯಾವ ದಾರಿಯಿಂದ ಹೊರಗೆ ಹೋಗಬೇಕು ಅಂತ ಮೇ ತಿಂಗಳಲ್ಲೇ ಹೊಲ ಅಡ್ಡಾಡಿ ನೋಡಿ.

ನನ್ನ ತೊಗರಿ ಹೊಲದಲ್ಲಿ ಹಿಂದೆ ಒಡ್ಡು ಎತ್ತರಿಸಿ ಕೋಡಿ ಬಿಡದೇ ಇದ್ದೆ. ನೀರು ಉಳೀಲಿ ಅನ್ನೋ ಆಸೆ. ಒಂದೇ ರಾತ್ರಿ ಮಳೆಗೆ ಒಡ್ಡು ಒಡೆದು ಮೂರು ವರ್ಷ ಹಾಕಿದ ಕಾಂಪೋಸ್ಟ್ ಸಮೇತ ಮೇಲ್ಮಣ್ಣು ಹಳ್ಳಕ್ಕೆ ಹೋಯಿತು. ಈಗ ಪ್ರತಿ ಒಡ್ಡಿಗೂ ಕಲ್ಲಿನ ಕೋಡಿ ಇದೆ, ಇಳಿಜಾರಿಗೆ ಅಡ್ಡವಾಗಿ ಅಗಲ ಏರುಮಡಿ ಮಾಡಿ ಬಿತ್ತುತ್ತೇನೆ. ಮಳೆ ಕಡಿಮೆಯಾದರೆ ಸಾಲಿನಲ್ಲಿ ಹಸಿ ನಿಲ್ತದೆ, ಹೆಚ್ಚಾದರೆ ಅದೇ ಸಾಲಿನಿಂದ ನೀರು ಬಸಿದು ಹೋಗ್ತದೆ. ತೊಗರಿ ಬೇರು ಎರಡು ಮೂರು ದಿನ ನೀರಲ್ಲಿ ನಿಂತರೆ ಸಾಕು, ಆಮೇಲೆ ರೋಗ ತಾನಾಗೇ ಬರ್ತದೆ. ಲಿಂಬೆ, ದಾಳಿಂಬೆಯವರು ಬುಡಕ್ಕೆ ಮಣ್ಣು ಏರಿಸಿ, ನೀರು ಕಾಂಡಕ್ಕೆ ತಾಗದ ಹಾಗೆ ನೋಡಿ. ನೀರು ಇಳಿದ ಮೇಲೆ ಕಾಂಡಕ್ಕೆ ಬೋರ್ಡೋ ಮುಲಾಮು ಹಚ್ಚಿ. ಭಾರಿ ಮಳೆ ಮುನ್ಸೂಚನೆ ಇದ್ದಾಗ ಜೀವಾಮೃತ, ಗೊಬ್ಬರ ಏನೂ ಹಾಕಬೇಡಿ, ಸುಮ್ಮನೆ ಡೋಣಿಗೆ ಕೊಟ್ಟಂಗೆ.

ಫೋನಿನಲ್ಲಿ ಏನಿರಬೇಕು

'ಮೇಘದೂತ್' ಆ್ಯಪಿನಲ್ಲಿ ಐದು ದಿನದ ಮುನ್ಸೂಚನೆ, ಮಂಗಳವಾರ ಮತ್ತು ಶುಕ್ರವಾರ ಬೆಳೆ ಸಲಹೆ ಬರ್ತದೆ. ಕೇಂದ್ರ ಜಲ ಆಯೋಗದ 'ಫ್ಲಡ್‌ವಾಚ್ ಇಂಡಿಯಾ'ದಲ್ಲಿ ಕೃಷ್ಣಾ, ಭೀಮಾ ನದಿಗಳ ಮಟ್ಟ ನೋಡಬಹುದು. ರಾಜ್ಯದ 'ವರುಣ ಮಿತ್ರ' ಸಹಾಯವಾಣಿ 92433 45433. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಕೊನೆವರೆಗೆ ಆಲಮಟ್ಟಿ ಅಂಕಿಗಿಂತ ಬಂಗಾಳ ಕೊಲ್ಲಿಯ ಸುದ್ದಿ ಮೇಲೆ ಹೆಚ್ಚು ಕಣ್ಣಿಡಿ. ಹೊಳಿ ದಂಡೆಯ ಮೋಟಾರು ಬಿಚ್ಚಲಿಕ್ಕೆ ಅದು ಎರಡು ಮೂರು ದಿನ ಕೊಡ್ತದೆ.

ಫಸಲ್ ಬಿಮಾ ತುಂಬಿದವರು ಒಂದು ಗಡುವು ಮರೀಬೇಡಿ. ಹೊಲದಲ್ಲಿ ನೀರು ನಿಂತು ಬೆಳೆ ಹಾಳಾದರೆ 72 ತಾಸಿನೊಳಗೆ ವಿಮಾ ಕಂಪನಿಗೆ ಇಲ್ಲವೇ ಕ್ರಾಪ್ ಇನ್ಶೂರೆನ್ಸ್ ಆ್ಯಪಿನಲ್ಲಿ ದೂರು ಹಾಕಬೇಕು. ನೀರು ನಿಂತಿರುವಾಗಲೇ ಫೋಟೋ ತೆಗೀರಿ, ಸರ್ವೆ ನಂಬರ್ ಸರಿ ಬರೀರಿ, ದೂರಿನ ಸಂಖ್ಯೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕೊಯ್ದು ಹೊಲದಲ್ಲೇ ಒಣಗಲು ಹಾಕಿದ ಬೆಳೆಗೂ 14 ದಿನದವರೆಗೆ ರಕ್ಷಣೆ ಇದೆ, ಅಲ್ಲಿಯೂ ಗಡುವು ಅದೇ 72 ತಾಸು. ಪ್ರವಾಹದ ಹೊತ್ತಿಗೆ ಕರೆಂಟು, ನೆಟ್‌ವರ್ಕು ಎರಡೂ ಹೋಗ್ತವೆ, ಆದ್ದರಿಂದ ಪಾಲಿಸಿ ರಸೀದಿಯನ್ನು ಫೋನಿನಲ್ಲಿ ಮಾತ್ರ ಇಡಬೇಡಿ, ಒಂದು ಜೆರಾಕ್ಸ್ ಮನೆಯಲ್ಲಿ ಎತ್ತರದ ಜಾಗದಲ್ಲಿರಲಿ.