ಮೋರ್ಯರ ಮನೆಗಳು

ಅರಸರು ಕಟ್ಟಿಸಿದುದಕ್ಕೆ ಶಾಸನವುಂಟು. ದೇವರಿಗಾಗಿ ಕಟ್ಟಿಸಿದುದಕ್ಕೆ ಸ್ಥಳಪುರಾಣವುಂಟು. ಹೆಸರುಳಿಯದ ಜನರು ತಮ್ಮ ಮೃತರಿಗಾಗಿ ಕಟ್ಟಿದುದಕ್ಕೆ ಸಾಕ್ಷಿ ಯಾವುದು? ಕಲ್ಲು ಒಂದು, ಜನರ ಬಾಯ ಮಾತು ಇನ್ನೊಂದು. ಕೊಪ್ಪಳ ಜಿಲ್ಲೆಯ ಗಂಗಾವತಿಗೆ ಸಮೀಪದ ಹಿರೇಬೆಣಕಲ್ಲಿನ ಗುಡ್ಡಗಳಲ್ಲಿ ಇವೆರಡೂ ಇಂದಿಗೂ ಜೊತೆಯಾಗಿ ನಿಂತಿವೆ.

ಅಲ್ಲಿರುವ ಶಿಲಾಸಮಾಧಿಗಳ ಸಂಖ್ಯೆ ಸುಮಾರು 400. ಅವುಗಳ ಕಾಲವನ್ನು ವಿದ್ವಾಂಸರು ಕ್ರಿ. ಪೂ. 800 ರಿಂದ 200 ರವರೆಗೆಂದು ಎಣಿಸಿರುವರು. ನೆಟ್ಟಗೆ ನಿಲ್ಲಿಸಿದ ಚಪ್ಪಡಿಗಳು, ಮೇಲೊಂದು ಹೊದಿಕೆಯ ಚಪ್ಪಡಿ, ಕೆಲವುಗಳಲ್ಲಿ ಒಂದು ದುಂಡು ರಂಧ್ರ, ಗಾರೆಯ ಹಂಗಿಲ್ಲ. ಎತ್ತರದ ಬಂಡೆಯೊಂದರ ಮೇಲೆ ನಗಾರಿಯ ಆಕಾರದ ಕಲ್ಲೊಂದುಂಟು. ಬಡಿದರೆ ಅದರ ನಾದವು ಬಹುದೂರ ಕೇಳುವುದು.

ಇವು ಮೋರ್ಯರೆಂಬ ಕುಳ್ಳರ ಮನೆಗಳೆಂದು ಸುತ್ತಣ ಹಳ್ಳಿಗರು ಹೇಳುವರು. ಕೊಡಗಿನಲ್ಲಾದರೋ ಇಂಥವನ್ನೇ ಪಾಂಡುಪಾರೆಗಳೆಂದು ಕರೆದು ಪಾಂಡವರಿಗೆ ಸಲ್ಲಿಸಿರುವರು. ಮೋರ್ಯರೆಂದರೆ ಮೌರ್ಯರೇ ಇರಬಹುದೆಂದು ಊಹಿಸಿದವರೂ ಉಂಟು. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿರುವುದರಿಂದ ಈ ಊಹೆಯು ತೀರ ನಿರಾಧಾರವೆನ್ನಲಾಗದು. ಆದರೆ ಅಶೋಕನು ಕ್ರಿ. ಪೂ. 3ನೆಯ ಶತಮಾನದವನು, ಇಲ್ಲಿಯ ಸಮಾಧಿಗಳ ಪದ್ಧತಿಯೋ ಅದಕ್ಕೆ ಶತಮಾನಗಳ ಹಿಂದೆಯೇ ತೊಡಗಿದ್ದಿತು. ಆದುದರಿಂದ ಹೆಸರು ಮೌರ್ಯರದೇ ಆಗಿದ್ದರೂ ಅದು ತರುವಾಯ ಅಂಟಿಕೊಂಡ ಹೆಸರೇ ಸರಿ.

ಹಾಗೆಂದು ಈ ಕಥೆಯನ್ನು ಅಜ್ಞರ ಹರಟೆಯೆಂದು ತಳ್ಳಿಬಿಡುವುದು ವಿವೇಕವಲ್ಲ. ಜನಪದವು ಗೋರಿಯನ್ನು ಗೋರಿಯೆನ್ನದೆ ಮನೆಯೆಂದಿತು. ಗೋಡೆ, ಮಾಡು, ಬಾಗಿಲಿನಂಥ ರಂಧ್ರ ಇವುಗಳನ್ನು ನೋಡಿದರೆ ಕಟ್ಟಿದವರ ಮನಸ್ಸಿನಲ್ಲಿದ್ದುದೂ ಮೃತರಿಗೊಂದು ಮನೆಯೆಂಬ ಭಾವವೇ ಎಂದು ತೋರುತ್ತದೆ. ಚರಿತ್ರೆಯ ದೃಷ್ಟಿಯಿಂದ ತಪ್ಪಿದ ಕಥೆಯು ಹೃದಯದ ದೃಷ್ಟಿಯಿಂದ ತಪ್ಪಲಿಲ್ಲ.

ಆದರೆ ಇನ್ನೊಂದು ಕಥೆಯುಂಟು, ಅದು ವಿಷ. ಹಳೆಯ ಕಲ್ಲಿನಡಿಯಲ್ಲಿ ನಿಧಿಯಿದೆಯೆಂಬುದೇ ಅದು. ಇಂಥ ಸಮಾಧಿಗಳಲ್ಲಿ ಸಾಮಾನ್ಯವಾಗಿ ಸಿಕ್ಕುವುದು ಮಡಕೆಯ ಚೂರು, ಕಬ್ಬಿಣದ ಆಯುಧ, ಎಲುಬು. ಅವುಗಳಿಗೆ ಪೇಟೆಯಲ್ಲಿ ಬೆಲೆಯಿಲ್ಲ. ವಿದ್ಯೆಗೆ ಮಾತ್ರ ಅವುಗಳಿಂದ ಬೆಲೆ. ನಿಧಿಯಾಸೆಯಿಂದ ಅಗೆದವನು ಹೊನ್ನನ್ನೂ ಕಾಣನು, ನಮಗೆ ಚರಿತ್ರೆಯನ್ನೂ ಉಳಿಸನು. ಎರಡು ಸಾವಿರ ವರ್ಷಗಳ ಮಳೆಬಿಸಿಲು ಕೆಡವದ ಚಪ್ಪಡಿಯನ್ನು ಕೆಡವಲು ಒಂದು ರಾತ್ರಿ, ಒಂದು ಹಾರೆ ಸಾಕು.

2021 ರಲ್ಲಿ ಹಿರೇಬೆಣಕಲ್ಲು ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿತು. ಸಂತೋಷದ ವಿಷಯವೇ. ಆದರೆ ಪಟ್ಟಿಯು ಕಾವಲುಗಾರನಲ್ಲ. ಅಧಿಕಾರಿಗಳು ಕಾವಲನ್ನು ಬಲಪಡಿಸಲಿ. ಉಪಾಧ್ಯಾಯರು ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಮೋರ್ಯರ ಕಥೆಯನ್ನೂ ಸಮಾಧಿಗಳ ಸತ್ಯವನ್ನೂ ಒಟ್ಟಿಗೆ ಹೇಳಲಿ. ಪೂರ್ವಿಕರ ಮನೆಗೆ ಮೊಮ್ಮಕ್ಕಳೇ ಕನ್ನ ಹಾಕಿದರೆಂಬ ಅಪಕೀರ್ತಿ ಕನ್ನಡಿಗರಿಗೆ ಬಾರದಿರಲಿ.